ಎಸ್ಸೆಸ್ಸೆಲ್ಸಿ ಆದ ಮೇಲೆ ಗಣಿತ ಇಟ್ಕೋಬೇಕೋ, ಬಿಡಬೇಕೋ?

ಪ್ರಶ್ನೆ (ಪಾಲಕರು, ಮುಧೋಳ):
ಸರ, ನಮಸ್ಕಾರ್ರೀ. ಮಗಳಿಗೆ ಎಸ್ಸೆಸ್ಸೆಲ್ಸಿ ಗಣಿತದಾಗ 62 ಬಂದಾವು, ಕನ್ನಡ ಮಾಧ್ಯಮ. ಆಕಿಗೆ ಸಿ.ಎ. ಮಾಡೂ ಆಸೆ ಐತಿ. ಮನ್ಯಾಗ ಎಲ್ಲಾರೂ ಸೈನ್ಸ್ ಕೊಡ್ಸು ಅಂತಾರ. ಪಿಸಿಎಂಬಿ (ಭೌತ, ರಸಾಯನ, ಗಣಿತ, ಜೀವಶಾಸ್ತ್ರ) ತಗೊಂಡ್ರ ಗಣಿತ ನಿಭಾಯಿಸ್ತಾಳೇನ್ರೀ? ಕಾಮರ್ಸ್‌ಗೂ ಗಣಿತ ಬೇಕಾಗತೈತೇನು?

ಉತ್ತರ (ಪಿಯು ಗಣಿತ ಉಪನ್ಯಾಸಕರು, ವಿಜಯಪುರ):
ನಮಸ್ಕಾರ್ರೀ. ಮೊದಲು ಆ 62 ಅನ್ನು ಬಿಡಿಸಿ ನೋಡಿ. ಒಟ್ಟು 100ರಲ್ಲಿ 20 ಅಂಕ ಆಂತರಿಕ ಮೌಲ್ಯಮಾಪನದ್ದು. ಅಲ್ಲಿ 19 ಸಿಕ್ಕಿದ್ದರೆ ಬರೆದು ಗಳಿಸಿದ್ದು 80ಕ್ಕೆ 43. ಉಳಿದ 37 ಎಲ್ಲಿ ಹೋದವು ಅನ್ನೋದನ್ನು ನೋಡಬೇಕು. ಪ್ರಮೇಯದ ಸಾಧನೆ, ಘನಫಲ, ಮೇಲ್ಮೈ ವಿಸ್ತೀರ್ಣದಲ್ಲಿ ಹೋಗಿದ್ದರೆ ಚಿಂತೆ ಕಡಿಮೆ. ಬೀಜಗಣಿತದಲ್ಲಿ ಹೋಗಿದ್ದರೆ ಸೈನ್ಸ್ ಕಷ್ಟ. ದ್ವಿತೀಯ ಪಿಯುಸಿಯ 13 ಅಧ್ಯಾಯಗಳಲ್ಲಿ 5 ಕಲನಶಾಸ್ತ್ರದವು (ಕ್ಯಾಲ್ಕುಲಸ್). ಅಲ್ಲಿ ಹುಡುಗರು ಸೂತ್ರ ಸರಿಯಾಗಿಯೇ ಬರೀತಾರೆ, ಮುಂದಿನ ಸಾಲಿನ ಭಿನ್ನರಾಶಿ, ಮೈನಸ್ ಚಿಹ್ನೆಯಲ್ಲಿ ಎಡವುತ್ತಾರೆ.

ಮನೆಯಲ್ಲೇ ಕ್ಯಾಲ್ಕುಲೇಟರ್ ಇಲ್ಲದೆ ಮಗಳನ್ನು ಅರ್ಧ ಗಂಟೆ ಕೂರಿಸಿ. 2/3ರಿಂದ 5/4 ಕಳೆಯಲಿ, ಉತ್ತರ ಮೈನಸ್ 7/12. ಒಂದು ವರ್ಗಸಮೀಕರಣ ಅಪವರ್ತಿಸಲಿ. ಸೈನ್ 30, ಕಾಸ್ 60, ಟ್ಯಾನ್ 45 ಡಿಗ್ರಿ ಬೆಲೆ ಹೇಳಲಿ. ಎರಡು ಪದಗಳ ಮೊತ್ತದ ವರ್ಗ ವಿಸ್ತರಿಸಲಿ. ನಡುವಿನ ಪದ ಬಿಟ್ಟರೆ ಅಂಕಿಯಲ್ಲೇ ತೋರಿಸಿ: 3 ಮತ್ತು 4 ಕೂಡಿಸಿ ವರ್ಗ ಮಾಡಿದರೆ 49, ಬೇರೆ ಬೇರೆ ವರ್ಗ ಮಾಡಿ ಕೂಡಿಸಿದರೆ 25. ಬಿಟ್ಟುಹೋದ 24 ಆ ನಡುವಿನ ಪದದ್ದೇ. ಇಷ್ಟು ತಡವರಿಸದೆ ಮಾಡಿದರೆ 62 ಬಂದ ಹುಡುಗಿಯೂ ಪಿಸಿಎಂಬಿ ನಿಭಾಯಿಸ್ತಾಳೆ.

ಆದರೆ ಆಸೆ ಸಿ.ಎ. ಇದ್ದಾಗ ಸೈನ್ಸ್ ಯಾಕ್ರೀ? ಕಾಮರ್ಸ್‌ನಲ್ಲಿ ಬೇಸಿಕ್ ಮ್ಯಾಥ್ಸ್ ಇರುವ ಕಾಂಬಿನೇಶನ್ ಹುಡುಕಿ. ಸಿ.ಎ.ಯ ಮೊದಲ ಹಂತದ ಪರೀಕ್ಷೆ ಫೌಂಡೇಶನ್‌ಗೆ ಪಿಯು ಗಣಿತ ಕಡ್ಡಾಯ ಅಲ್ಲ, ಆದರೆ ಅದರ ನಾಲ್ಕು ಪತ್ರಿಕೆಗಳಲ್ಲಿ ಒಂದು ಪೂರ್ತಿ ವ್ಯವಹಾರ ಗಣಿತ, ತಾರ್ಕಿಕ ಪ್ರಶ್ನೆ, ಸಂಖ್ಯಾಶಾಸ್ತ್ರದ್ದು. 100 ಅಂಕ, ತಪ್ಪು ಉತ್ತರಕ್ಕೆ 0.25 ಕಡಿತ. ಬೇಸಿಕ್ ಮ್ಯಾಥ್ಸ್‌ನಲ್ಲಿ ಬಡ್ಡಿ, ಹುಂಡಿ ವಟಾಯಿಸೋದು (ಬಿಲ್ ಡಿಸ್ಕೌಂಟಿಂಗ್), ಷೇರು, ಮಾತೃಕೆ (ಮ್ಯಾಟ್ರಿಕ್ಸ್) ಎಲ್ಲ ಬರುತ್ತವೆ, ಫೌಂಡೇಶನ್‌ನ ಆ ಪತ್ರಿಕೆಗೆ ನೇರವಾಗಿ ಕೆಲಸಕ್ಕೆ ಬರುತ್ತೆ. ಎಲ್ಲ ಕಾಲೇಜಿನಲ್ಲೂ ಇದು ಸಿಗೋದಿಲ್ಲ. ಶುಲ್ಕ ಕಟ್ಟುವ ಮುಂಚೆ ಕಾಂಬಿನೇಶನ್ ಹೆಸರು ಬರೆಸಿಕೊಂಡು ನೋಡಿ.

ಅದೇ ಪಾಲಕರು:
ಪಿಸಿಎಂಬಿ ತಗೊಂಡು ಮುಂದ ನೀಟ್ (ವೈದ್ಯಕೀಯ ಪ್ರವೇಶ ಪರೀಕ್ಷೆ) ಬರದ್ರ ಗಣಿತ ಓದೂದು ಬ್ಯಾಡಲ್ರೀ?

ಉತ್ತರ:
ನೀಟ್‌ನಲ್ಲಿ ಗಣಿತ ಇಲ್ಲ, ಖರೆ. ಆದರೆ ಪಿಯು ಪಾಸಾಗಲು ಗಣಿತವೂ ಪಾಸಾಗಬೇಕು. ನೀಟ್ ಅಂತ ಗಣಿತ ಮುಚ್ಚಿಟ್ಟವರು ಮಾರ್ಚ್‌ನಲ್ಲಿ ಒದ್ದಾಡ್ತಾರೆ. ಇನ್ನೊಂದು, ನೀಟ್ ಕೈಕೊಟ್ಟಾಗ ಇಂಜಿನಿಯರಿಂಗ್ ಕಡೆ ತಿರುಗಲು ಆ ಗಣಿತವೇ ಬೇಕು. ಸಿಇಟಿ (ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆ) ಇಂಜಿನಿಯರಿಂಗ್ ರ‍್ಯಾಂಕ್‌ಗೆ ಅರ್ಧ ಲೆಕ್ಕ ಸಿಇಟಿ ಅಂಕದ್ದು, ಅರ್ಧ ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕದ್ದು. ಸಿಇಟಿ ಗಣಿತದಲ್ಲಿ 60 ಪ್ರಶ್ನೆ, 80 ನಿಮಿಷ, ತಪ್ಪಿಗೆ ಕಡಿತ ಇಲ್ಲ. ಒಂದೂ ಖಾಲಿ ಬಿಡಬಾರದು.

ಕನ್ನಡ ಮಾಧ್ಯಮದ ಬಗ್ಗೆ ಅಂಜಬೇಡಿ. ರಜೆಯಲ್ಲೇ ಪ್ರಥಮ ಪಿಯು ಪುಸ್ತಕದ ಗಣ (ಸೆಟ್ಸ್), ತ್ರಿಕೋನಮಿತಿ, ಸರಳರೇಖೆ ಅಧ್ಯಾಯಗಳ ಇಂಗ್ಲಿಷ್ ಪದಗಳನ್ನು ಕನ್ನಡದ ಪಕ್ಕಕ್ಕೆ ಬರೆದುಕೊಳ್ಳಲಿ. ಲೆಕ್ಕ ಅವೇ ಇರ್ತಾವೆ, ಪ್ರಶ್ನೆ ಓದೋದು ರೂಢಿಯಾಗಬೇಕು ಅಷ್ಟೇ.

ಪ್ರಶ್ನೆ (ಪಾಲಕರು, ಬೆಳಗಾವಿ):
ಮಗ ಸಿಬಿಎಸ್‌ಇ 10ನೇ ಇಯತ್ತೆ. ಶಾಲೆಯಲ್ಲಿ ಗಣಿತ ಬೇಸಿಕ್ಕೋ ಸ್ಟ್ಯಾಂಡರ್ಡೋ ಅಂತ ಕೇಳಿದ್ದಾರೆ. ಅವನಿಗೆ ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಮೂಲಕ ಏರ್‌ಫೋರ್ಸ್ ಸೇರಬೇಕಂತೆ.

ಉತ್ತರ (ಸಿಬಿಎಸ್‌ಇ ಗಣಿತ ಶಿಕ್ಷಕರು, ಬೆಳಗಾವಿ):
ಸ್ಟ್ಯಾಂಡರ್ಡ್ ತಗೊಳ್ಳಿ. ಪಠ್ಯ ಎರಡಕ್ಕೂ ಒಂದೇ, ಪಾಠವೂ ಒಂದೇ. ಬದಲಾಗೋದು ಬೋರ್ಡ್ ಪ್ರಶ್ನೆಪತ್ರಿಕೆಯ ಕಠಿಣತೆ ಮಾತ್ರ. ಮುಂದೆ ಗಣಿತ ಓದುವವರಿಗಾಗಿಯೇ ಸ್ಟ್ಯಾಂಡರ್ಡ್ ಮಾಡಿದ್ದು. ಬೇಸಿಕ್ ಬರೆದವರಿಗೂ 11ರಲ್ಲಿ ಗಣಿತ ಕೊಡಲು ಮಂಡಳಿ ಆಗಾಗ ರಿಯಾಯಿತಿ ಕೊಟ್ಟಿದೆ, ಆದರೆ ಅದನ್ನು ನಂಬಿ ಕೂರಬೇಡಿ.

ಎನ್‌ಡಿಎದಲ್ಲಿ ಭೂಸೇನೆಗೆ 12ನೇ ಇಯತ್ತೆಯಲ್ಲಿ ಯಾವ ವಿಭಾಗವಾದರೂ ನಡೆಯುತ್ತೆ. ವಾಯುಸೇನೆ, ನೌಕಾಸೇನೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇರಲೇಬೇಕು. ಪ್ರವೇಶ ಪರೀಕ್ಷೆಯ ಗಣಿತ ಪತ್ರಿಕೆ ಮೂವರಿಗೂ ಇದೆ: 120 ಪ್ರಶ್ನೆ, 300 ಅಂಕ, ಎರಡೂವರೆ ಗಂಟೆ. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಹೋಗುತ್ತೆ, ಹಾಗಾಗಿ ಸಿಇಟಿಯಂತೆ ಇಲ್ಲಿ ಊಹಿಸಿ ಗುರುತು ಹಾಕಬಾರದು. ಒಂದು ಪ್ರಶ್ನೆಗೆ ಸಿಗೋದು ಒಂದೂಕಾಲು ನಿಮಿಷ. ಅದಕ್ಕೆ 11ನೇ ಇಯತ್ತೆಯಿಂದಲೇ ಗಡಿಯಾರ ಇಟ್ಟು ಲೆಕ್ಕ ಮಾಡಿಸಿ.