ಅಪ್‌ಡೇಟ್: ನಮ್ಮ ಆಮೆ ಈಗ ಗರಿಕೆ ತಿನ್ನುತ್ತಿದೆ

ಧಾರವಾಡದ ನಮ್ಮ ಮನೆಯ ಸಲ್ಕಾಟಾ ಆಮೆ ಟೊಮ್ಯಾಟೊ, ಸೌತೆಕಾಯಿ ಬಿಟ್ಟು ಹುಲ್ಲನ್ನು ಮುಟ್ಟುವುದೇ ಇಲ್ಲ, ಏನು ಮಾಡಲಿ ಎಂದು ಹಿಂದೆ ಕೇಳಿದ್ದೆ. (ಇದು ನೋಂದಾಯಿಸಿದ ಆಫ್ರಿಕನ್ ತಳಿ; ನಮ್ಮ ನಾಡಿನ ನಕ್ಷತ್ರ ಆಮೆಯನ್ನು ಸಾಕಲು 1972ರ ವನ್ಯಜೀವಿ ಕಾಯ್ದೆ ಅವಕಾಶ ಕೊಡುವುದಿಲ್ಲ.) ಗರಿಕೆಯನ್ನು ಸಣ್ಣಗೆ ಹೆಚ್ಚಿ ದಾಸವಾಳದ ಹೂವಿನೊಡನೆ ಬೆರೆಸಿ ಎಂದು ತಾವು ಕೊಟ್ಟ ಸಲಹೆ ಫಲಿಸಿದೆ. ಮೊದಮೊದಲು ಎಸಳುಗಳನ್ನಷ್ಟೇ ಆರಿಸಿ ತಿಂದು ಹುಲ್ಲನ್ನು ತುಳಿದು ಹೋಗುತ್ತಿದ್ದ ಆಮೆ, ತುಸು ನೀರು ಚಿಮುಕಿಸಿ ಎಸಳು ಹುಲ್ಲಿಗೆ ಅಂಟುವಂತೆ ಕಲಸಿಟ್ಟ ಮೇಲೆ ಎರಡನ್ನೂ ಒಟ್ಟಿಗೇ ಕಚ್ಚತೊಡಗಿತು. ಈಗ ಹಿತ್ತಲಿಗೆ ಬಿಟ್ಟರೆ ತಾನಾಗಿಯೇ ಮೇಯುತ್ತದೆ. ಹಿಕ್ಕೆಯೂ ಗಟ್ಟಿಯಾಗಿ, ನಾರು ಕಾಣುವಂತಿದೆ. ಪಾಲಕ್ ಸೊಪ್ಪಿನ ಆಕ್ಸಲೇಟ್ ಕ್ಯಾಲ್ಸಿಯಂ ಹೀರಿಕೆಗೆ ಅಡ್ಡಿಯಾಗುವುದರಿಂದ ಅದರ ಬದಲು ಹಿಪ್ಪುನೇರಳೆ ಎಲೆಯನ್ನೂ ಮುಳ್ಳು ತೆಗೆದ ಪಾಪಾಸುಕಳ್ಳಿಯನ್ನೂ ಕೊಡುತ್ತಿದ್ದೇನೆ. ಹೊಲದ ಬದುವಿನ ಹುಲ್ಲಿಗೆ ಕೀಟನಾಶಕ ತಗುಲಿರಬಹುದಾದ್ದರಿಂದ ಗರಿಕೆಯನ್ನು ಮನೆಯ ಕುಂಡಗಳಲ್ಲೇ ಬೆಳೆಸುತ್ತಿದ್ದೇವೆ.