ಸಹಾಯ ಬೇಕು: ಥಾಯ್ಲೆಂಡ್‌ನಲ್ಲಿ ಇನ್ನೊಂದು ತಿಂಗಳು ಉಳಿಯಲು

ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆ. ಅಡಿಕೆ ಕೊಯ್ಲು ಮುಗಿಸಿ ಅಪ್ಪ, ಅಮ್ಮ ಚಿಯಾಂಗ್ ಮಾಯ್‌ನಲ್ಲಿರುವ ಅಕ್ಕನ ಮನೆಗೆ ಹೋಗಿದ್ದಾರೆ. ವೀಸಾ ಇಲ್ಲದೆ ಹೋದವರು. ಪಾಸ್‌ಪೋರ್ಟಿಗೆ 60 ದಿನದ ಮುದ್ರೆ ಬಿದ್ದಿದೆ. ಅಮ್ಮನಿಗೆ ಮೊಮ್ಮಗುವನ್ನು ಬಿಟ್ಟು ಬರಲು ಮನಸ್ಸಿಲ್ಲ. ಅಪ್ಪನಿಗೆ ಮಾತ್ರ ಮಳೆಗೆ ಮುಂಚೆ ಅಡಿಕೆಗೆ ಕೊಳೆರೋಗದ ಔಷಧಿ ಬೋರ್ಡೋ ಹೊಡೆಸುವ ಚಿಂತೆ!

ಅಲ್ಲಿನ ಇಮಿಗ್ರೇಷನ್ ಕಚೇರಿಯಲ್ಲಿ ಟಿಎಂ 7 ಅರ್ಜಿ, ಫೋಟೊ, ತಲಾ 1,900 ಬಾತ್ ಕೊಟ್ಟು 30 ದಿನ ಮುಂದುವರಿಸಿಕೊಳ್ಳಬಹುದು. ಆದರೆ ವಿದೇಶದವರು ತಮ್ಮ ಮನೆಯಲ್ಲಿ ಉಳಿದಿದ್ದಾರೆಂದು ಮನೆ ಮಾಲೀಕರು ಇಮಿಗ್ರೇಷನ್‌ಗೆ ತಿಳಿಸಿ ಮಾಡಿಸಬೇಕಾದ ಟಿಎಂ 30 ರಸೀದಿ ಇಲ್ಲದಿದ್ದರೆ ಅರ್ಜಿ ತೆಗೆದುಕೊಳ್ಳುತ್ತಾರಾ? ಮಾಲೀಕರು ಫೋನೇ ಎತ್ತುತ್ತಿಲ್ಲ. ಶಿವಮೊಗ್ಗದ ಏಜೆಂಟರೊಬ್ಬರು ‘ಸುಮ್ನೆ ಲಾವೋಸ್ ಗಡಿ ದಾಟಿ ವಾಪಸ್ ಬಂದು ಹೊಸ ಮುದ್ರೆ ಹಾಕಿಸಿಕೊಳ್ಳಲಿ’ ಅಂದರು. ಅಪ್ಪನ ಮಂಡಿ ನೋವಿಗೆ ಅದೆಲ್ಲ ಆಗದ ಮಾತು. ಅವಧಿ ಮೀರಿದರೆ ದಿನಕ್ಕೆ 500 ಬಾತ್ ದಂಡ ಬೇರೆ. ಈಚೆಗೆ ಅಲ್ಲಿ ಮಾಡಿಸಿದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.