ಸಹಾಯ ಬೇಕು: ರಸ್ತೆ ಓಟಗಾರರನ್ನು ಓರಿಯಂಟೀರಿಂಗ್‌ಗೆ ಕರೆತರೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಮಳೆಗಾಲ ಮುಗಿದ ಮೇಲೆ ತೀರ್ಥಹಳ್ಳಿ ಕಡೆ ದೂರದ ಓರಿಯಂಟೀರಿಂಗ್ ಓಟ ಇಡಬೇಕು ಅಂತಿದ್ದೀವಿ. ನಕ್ಷೆ, ದಿಕ್ಸೂಚಿ ಹಿಡಿದು ಕಂಟ್ರೋಲ್‌ಗಳನ್ನು, ಅಂದ್ರೆ ನಕ್ಷೆಯಲ್ಲಿ ಗುರುತಿಸಿದ ಜಾಗಗಳಲ್ಲಿ ಇಟ್ಟ ಬಾವುಟಗಳನ್ನು, ಹುಡುಕುತ್ತಾ ಓಡೋದು. ದಾರಿ ನೋಡೋಕೆ ಜಿಪಿಎಸ್ ಬಳಸುವಂತಿಲ್ಲ. ಶಿವಮೊಗ್ಗದ ಮ್ಯಾರಥಾನ್ ಓಟಗಾರರು "ದಾರಿ ತಪ್ಪಿದ್ರೆ?" ಅಂತ ಹಿಂದೇಟು ಹಾಕ್ತಾರೆ. ಆ ಅಳುಕು ಸಹಜವೇ, ಆದರೆ ಅವರ ದಮ್ಮು ಈ ಆಟಕ್ಕೆ ದೊಡ್ಡ ಬಂಡವಾಳ. ನಕ್ಷೆಯಲ್ಲಿ ಹಳದಿ ಅಂದ್ರೆ ಬಯಲು, ನಮ್ಮ ಬೇಣದ ಹಾಗೆ. ಬಿಳಿ ಅಂದ್ರೆ ಓಡಬಹುದಾದ ಕಾಡು. ಕಡು ಹಸಿರು ನುಗ್ಗೋಕಾಗದ ಪೊದೆ. ಇಷ್ಟನ್ನು ಒಂದೇ ಬೆಳಗ್ಗೆ ಕಲಿಸಬಹುದು.

ಪೋಸ್ಟರ್‌ನಲ್ಲಿ ದೂರ ಹೇಗೆ ಹಾಕೋದು, ಹೇಳಿ. ಈ ಆಟದಲ್ಲಿ ಕಂಟ್ರೋಲ್‌ನಿಂದ ಕಂಟ್ರೋಲ್‌ಗೆ ನೇರ ಗೆರೆಯಲ್ಲಿ ಅಳೀತಾರೆ. 15 ಕಿ.ಮೀ. ಅಂತ ಬರೆದರೂ ಗುಡ್ಡ ಬಳಸಿ ಹೋದವರ ಕಾಲಿಗೆ ಹೆಚ್ಚೇ ಆಗುತ್ತೆ. ನಿಮ್ಮ ಬಳಗದ ಭಾನುವಾರದ ಅಭ್ಯಾಸಕ್ಕೆ ಕರೆದರೆ ನಕ್ಷೆ ನಾವೇ ತರ್ತೀವಿ. ದಯವಿಟ್ಟು ಇಲ್ಲೇ ತಿಳಿಸಿ.